ಹಳೆಯ ಗಣಕಯಂತ್ರಕ್ಕೆ ಹೊಸ ಕಾಯಕ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಮನೆಯ ಮೂಲೆ ಸೇರಿದ ಹಳೆಯ ಗಣಕಯಂತ್ರವು ನಿರುಪಯುಕ್ತವಲ್ಲ. ಬೆಲೆ ತೆರದೆ ದೊರೆಯುವ ಲಿನಕ್ಸ್ ಮತ್ತು ಕಡತ ಹಂಚುವ ಸಾಂಬಾ ತಂತ್ರಾಂಶಗಳನ್ನು ಅಳವಡಿಸಿ ರೂಟರಿಗೆ ಜೋಡಿಸಿದರೆ, ಅದೇ ಮನೆಯ ಸರ್ವರ್. ಭಾವಚಿತ್ರ, ಪಾಠ, ಪತ್ರಗಳಿಗೆಲ್ಲ ಒಂದೇ ಉಗ್ರಾಣ. ಆದರೆ 60 ವ್ಯಾಟ್ ಸೆಳೆಯುವ ಮೇಜಿನ ಯಂತ್ರವು ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 43 ಯೂನಿಟ್ ವಿದ್ಯುತ್ ವ್ಯಯವಾಗುವುದು. ಅಲ್ಪವ್ಯಯವೆಂಬ ಮಾತು ಅಲ್ಲಿಗೇ ಸಡಿಲವಾಯಿತು! ಹಳೆಯ ಲ್ಯಾಪ್‌ಟಾಪೇ ಲೇಸು: ಅದು ಸೆಳೆಯುವ ವಿದ್ಯುತ್ತು ಕಡಿಮೆ, ಬ್ಯಾಟರಿ ಕೆಡದಿದ್ದರೆ ಕರೆಂಟು ಹೋದಾಗಲೂ ಒಡನೆ ನಿಲ್ಲದು.

ಭಯವಿರುವುದು ಡಿಸ್ಕಿನದು, ಹಳೆಯದು ಎಂದು ಕೆಡುವುದೋ ಹೇಳಲಾಗದು. ಹರಿಹರೇಶ್ವರ ದೇವಾಲಯದ ಶಾಸನಗಳು ಶಿಲೆಯಲ್ಲಿರುವುದರಿಂದ ಶತಮಾನಗಳನ್ನು ದಾಟಿದವು. ತಾಳೆಗರಿಯ ವಚನಗಳು ಉಳಿದುದು ಮತ್ತೆ ಮತ್ತೆ ಪ್ರತಿ ಮಾಡಿದುದರಿಂದ. ಡಿಸ್ಕು ತಾಳೆಗರಿಯ ಜಾತಿಯದು. ಆದುದರಿಂದ ದಾವಣಗೆರೆಯ ಮನೆಯ ಕಡತಗಳ ಇನ್ನೊಂದು ಪ್ರತಿಯು ಹರಿಹರದ ಬಂಧುಗಳಲ್ಲಿ ಇರತಕ್ಕದ್ದು. ತಿಂಗಳಿಗೊಮ್ಮೆ ಅದನ್ನು ಹೊಸತಾಗಿಸತಕ್ಕದ್ದು.