ವಿಶ್ವವಿದ್ಯಾನಿಲಯಗಳ ಅಪಾಯಕರ ತ್ಯಾಜ್ಯ

‘ತ್ಯಜ್’ ಧಾತುವಿನಿಂದ ಹುಟ್ಟಿದ ಎರಡು ಶಬ್ದಗಳುಂಟು. ಬಿಟ್ಟುದು ‘ತ್ಯಕ್ತ’, ಬಿಡತಕ್ಕುದು ‘ತ್ಯಾಜ್ಯ’. ತ್ಯಾಜ್ಯವು ತ್ಯಕ್ತವಾಗುವವರೆಗೂ ಅದಕ್ಕೊಬ್ಬ ಒಡೆಯನಿರಬೇಕು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 2010ರಲ್ಲಿ ಈ ಒಡೆತನವೇ ಮರೆತುಹೋಗಿತ್ತು.

ಅಲ್ಲಿನ ರಸಾಯನಶಾಸ್ತ್ರ ವಿಭಾಗವು 1968ರಲ್ಲಿ ಕೆನಡಾದಿಂದ ಗಾಮಾ ಕಿರಣ ಸೂಸುವ ಯಂತ್ರವೊಂದನ್ನು ತರಿಸಿತ್ತು. ಅದರ ಗರ್ಭದಲ್ಲಿದ್ದುದು ಕೋಬಾಲ್ಟ್-60. ಸುತ್ತಲೂ ಸೀಸದ ದಪ್ಪ ಕವಚ. 1985ರಿಂದ ಅದನ್ನು ಯಾರೂ ಬಳಸಲಿಲ್ಲ. 2010ರ ಫೆಬ್ರವರಿಯಲ್ಲಿ ಅದು ಹರಾಜಾಗಿ ಮಾಯಾಪುರಿಯ ಗುಜರಿ ಅಂಗಡಿಗಳನ್ನು ಸೇರಿತು. ಲೋಹದ ಬೆಲೆಯೊಂದನ್ನೇ ಬಲ್ಲ ಕೆಲಸಗಾರರು ಕವಚವನ್ನು ಬಿಚ್ಚಿದರು. ಏಪ್ರಿಲ್ ತಿಂಗಳಲ್ಲಿ ಹಲವರು ಆಸ್ಪತ್ರೆಗೆ ಸೇರಿದರು, ಒಬ್ಬನು ಅಸುನೀಗಿದನು. ಕೋಬಾಲ್ಟ್-60ರ ವಿಕಿರಣ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 42 ವರ್ಷಗಳಲ್ಲಿ ಅದು ಸುಮಾರು ಎಂಟು ಬಾರಿ ಅರ್ಧವಾಗಿ, ಇನ್ನೂರೈವತ್ತರಲ್ಲೊಂದು ಪಾಲಿನಷ್ಟೇ ಉಳಿದಿದ್ದರೂ ಒಂದು ಪ್ರಾಣ ಹೋಗಲು ಅಷ್ಟೇ ಸಾಕಾಯಿತು!

ದೂರದ ದಿಲ್ಲಿಯ ಮಾತೆಂದು ದೇವಸಮುದ್ರದ ಸೀಮೆಯವರು ಇದನ್ನು ಬದಿಗಿಡುವಂತಿಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಸುಮಾರು 1500 ಎಕರೆಯಲ್ಲಿದೆ. ಈ ಭಾಗದ ಮಕ್ಕಳೂ ಪ್ರಯೋಗಶಾಲೆಗಳನ್ನು ಹೊಗುವವರೇ. ಇಲ್ಲಿ ಮಳೆ ಅಲ್ಪ, ಕೊಳವೆಬಾವಿಯೇ ಜೀವಾಧಾರ. ಯಾವ ಪ್ರಯೋಗಶಾಲೆಯದೇ ಆಗಲಿ, ಬಚ್ಚಲಿಗೆ ಸುರಿದ ಪಾದರಸವೋ ಕ್ರೋಮಿಯಂ ಲವಣವೋ ಇಂಥ ನೆಲದಲ್ಲಿ ಇಂಗಿದರೆ ಕುಡಿಯಲು ಬೇರೆ ನೀರೆಲ್ಲಿ?

ಕಾರ್ಖಾನೆಯ ತ್ಯಾಜ್ಯ ಬಹಳ, ಬಗೆ ಕೆಲವು. ವಿದ್ಯಾಲಯದ್ದು ಅಲ್ಪ, ಬಗೆ ನೂರಾರು. ಆದುದರಿಂದ ಬೆರಕೆಯೇ ಇಲ್ಲಿನ ದೊಡ್ಡ ಕೇಡು. ನೈಟ್ರಿಕ್ ಆಮ್ಲದ ಶೇಷವಿರುವ ಸೀಸೆಗೆ ಆಲ್ಕೋಹಾಲ್ ಸುರಿದು ಬಿರಡೆ ಬಿಗಿದರೆ ಒಳಗೆ ಅನಿಲ ಹುಟ್ಟಿ, ಎಷ್ಟೋ ಹೊತ್ತಿನ ಮೇಲೆ, ಸುರಿದವನು ಮನೆಗೆ ಹೋದ ಬಳಿಕ ಸಿಡಿಯಬಹುದು. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ವಿಷವಾಯು ಏಳುತ್ತದೆ. ಮರೆತಿಟ್ಟ ಈಥರಿನಲ್ಲಿ ಗಾಳಿಯ ಸಂಪರ್ಕದಿಂದ ಸ್ಫೋಟಕ ಪೆರಾಕ್ಸೈಡ್ ಕಟ್ಟುತ್ತದೆ. ಒಣಗಿದ ಪಿಕ್ರಿಕ್ ಆಮ್ಲದ ಸೀಸೆಯ ಮುಚ್ಚಳವನ್ನು ತಿರುಗಿಸುವುದೇ ಅಪಾಯ. ಇಂಥ ಸೀಸೆ ಹಳೆಯ ಪ್ರೌಢಶಾಲೆಯ ಕಪಾಟಿನಲ್ಲಿಯೂ ದೊರೆತೀತು. ಉಪಾಧ್ಯಾಯರು ಅದನ್ನು ಮುಟ್ಟದೆ ಬಲ್ಲವರನ್ನು ಕರೆಸತಕ್ಕುದು.

2016ರ ಕೇಂದ್ರ ನಿಯಮಗಳಂತೆ ಅಪಾಯಕರ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಡಕೂಡದು. ಲೆಕ್ಕವಿಟ್ಟು ಅಧಿಕೃತ ಸಂಸ್ಥೆಗೇ ಒಪ್ಪಿಸಬೇಕು. ವಿಕಿರಣ ವಸ್ತುಗಳು ಈ ನಿಯಮಗಳಿಗೆ ಒಳಪಡವು, ಅವುಗಳ ಕಟ್ಟಳೆ ಬೇರೆ. ಸೀಸೆಯ ಮೇಲೆ ಬರಿಯ ಸೂತ್ರಾಕ್ಷರಗಳಲ್ಲ, ವಸ್ತುವಿನ ಪೂರ್ಣನಾಮ, ತುಂಬಿದ ದಿನಾಂಕ, ತುಂಬಿದವರ ಹೆಸರು ಇರಬೇಕು. ಪದವಿ ಮುಗಿಸಿ ಹೊರಡುವ ಸಂಶೋಧಕನಿಂದ ಗ್ರಂಥಾಲಯದ ಪುಸ್ತಕಗಳನ್ನು ಹಿಂಪಡೆಯುವಂತೆ, ಅವನ ಸೀಸೆಗಳ ಲೆಕ್ಕವನ್ನೂ ಅಂದೇ ಪಡೆಯುವುದು ವಿಭಾಗದ ಕೆಲಸ.