‘ಪೇನುಕೊರುಕುಡು’: ಹುಳವೂ ಅಲ್ಲ, ಹೇನೂ ಅಲ್ಲ



ತಲೆಯಲ್ಲಿ ರೂಪಾಯಿ ಬಿಲ್ಲೆಯಗಲ ಕೂದಲು ಉದುರಿ ನುಣ್ಣಗಾದರೆ ನಮ್ಮ ಕಡೆ ‘ಹುಳ ತಿಂದಿದೆ’ ಎನ್ನುತ್ತಾರೆ. ಇಲ್ಲಿಯ ತೆಲುಗಿನಲ್ಲಿ ‘ಪೇನುಕೊರುಕುಡು’, ಅಂದರೆ ಹೇನು ಕಡಿದದ್ದು. ಸಾಮಾನ್ಯವಾಗಿ ಇದು ಅಲೋಪೇಶಿಯಾ ಏರಿಯೇಟಾ: ಮೈ ಕಾಯಬೇಕಾದ ಬಿಳಿರಕ್ತಕಣಗಳೇ ಕೂದಲ ಬುಡದ ಮೇಲೆ ಬೀಳುತ್ತವೆ. ಅಂಟುವುದಿಲ್ಲ, ಮಗುವನ್ನು ಶಾಲೆ ಬಿಡಿಸಬೇಕಿಲ್ಲ. ಬೆಳ್ಳುಳ್ಳಿ ಅರೆದು ತಿಕ್ಕಬೇಡಿ, ಚರ್ಮ ಸುಡುತ್ತದೆ.

ಬುಡ ಸಾಯುವುದಿಲ್ಲ, ಹಾಗಾಗಿ ಕೂದಲು ಮರಳಬಹುದು. ಒಂದೆರಡು ಮಚ್ಚೆಯಾದರೆ ಎಷ್ಟೋ ಜನರಿಗೆ ವರ್ಷದೊಳಗೆ ತಾನೇ ತುಂಬಿಕೊಳ್ಳುತ್ತದೆ. ಇಲ್ಲವಾದರೆ ದೊಡ್ಡವರಿಗೆ 4ರಿಂದ 6 ವಾರಕ್ಕೊಮ್ಮೆ ಮಚ್ಚೆಗೇ ಸ್ಟೆರಾಯ್ಡ್ ಇಂಜೆಕ್ಷನ್. ರೋಗ ತೀವ್ರವಾದ ವಯಸ್ಕರಿಗೆ ಬ್ಯಾರಿಸಿಟಿನಿಬ್ ಮಾತ್ರೆಯಿದೆ; ಅಮೆರಿಕದಲ್ಲಿ ಇದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಕ್ಷಯ ಮತ್ತು ರಕ್ತದ ಪರೀಕ್ಷೆ ಆಗಬೇಕು. ಮಾತ್ರೆ ನಿಲ್ಲಿಸಿದರೆ ಕೂದಲು ಮತ್ತೆ ಉದುರಬಹುದು.

ತೊಡಕಿರುವುದು ಇಲ್ಲೇ. ಬೀದರ್ ಕಡೆಯ ಹಳ್ಳಿಯವರು ಇಮ್ಲಿಬನ್‌ನಲ್ಲಿ ಬಸ್ಸಿಳಿದರೆ ನಮ್ಮ ಕೋಠಿಯೂ ಉಸ್ಮಾನಿಯಾ ಆಸ್ಪತ್ರೆಯೂ ಹತ್ತಿರವೇ. ಆದರೆ ಪ್ರತಿ ಇಂಜೆಕ್ಷನ್‌ಗೂ ಬಸ್ ಚಾರ್ಜು, ಜೊತೆಗೆ ಬಂದವರದ್ದೂ ಸೇರಿ ಎರಡು ಕೂಲಿ ಹೋಗುತ್ತದೆ. ಆಯುಷ್ಮಾನ್ ಭಾರತ್ ನೆರವು ಆಸ್ಪತ್ರೆಗೆ ದಾಖಲಾದವರಿಗೆ, ಹೊರರೋಗಿಯ ಮಾತ್ರೆಗಲ್ಲ. ಆಪರೇಷನ್ ಎಂದರೆ ಕೈಬಿಚ್ಚಿ ಕೊಡುವ ನಾವೂ ‘ಕೂದಲಿಗೇನು ಸಹಾಯಧನ?’ ಎಂದುಬಿಡುತ್ತೇವೆ. ಸೆರಗು ಹೊದ್ದು ಮನೆಯೊಳಗೇ ಕುಳಿತ ಹುಡುಗಿಯನ್ನು ಕೇಳಬೇಕು.

ವೈದ್ಯಕೀಯ ನಿಧಿಗೆ ಒಮ್ಮೆಲೇ ದೊಡ್ಡ ಮೊತ್ತ ಬೇಡ. ತಿಂಗಳಿಗೆ ಇಷ್ಟೆಂದು ಆರು ತಿಂಗಳು ಕೊಡಿ. ಬಸ್ ಚಾರ್ಜಿಗೂ ಪರೀಕ್ಷೆಗೂ ಆಗುತ್ತದೆ, ಒಬ್ಬರ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ.