ಮೇಲುಕೋಟೆ ಬೆಟ್ಟ ಹತ್ತುವ ಮುನ್ನ

ವರ್ಷಕ್ಕೊಮ್ಮೆ ಮೇಲುಕೋಟೆಯ ದೇವರು ಚೆಲುವನಾರಾಯಣನ ವಜ್ರದ ಕಿರೀಟ ವೈರಮುಡಿ ಮಂಡ್ಯದ ಜಿಲ್ಲಾ ಖಜಾನೆಯಿಂದ ಹೊರಟು ಶ್ರೀರಂಗಪಟ್ಟಣದ ಕಡೆ ಬಂದು, ಪಾಂಡವಪುರ, ಜಕ್ಕನಹಳ್ಳಿ ಮೇಲೆ ಮೇಲುಕೋಟೆ ಸೇರುತ್ತದೆ. ಆ ದಾರಿಯಲ್ಲೇ ಸಿಗುವ ಯಲಿಯೂರು ಸುತ್ತಿನವರಿಗೂ ಅದೇ ಸಲೀಸು ದಾರಿ. ಆದರೆ ಬೆಟ್ಟವನ್ನು ನಿಧಾನವಾಗಿ ನೋಡುವ ಆಸೆಯಿದ್ದರೆ ವೈರಮುಡಿ ಉತ್ಸವದ ದಿನ ಬೇಡ. ಮಾರ್ಚ್-ಏಪ್ರಿಲ್‌ನ ಆ ರಾತ್ರಿ ಚೆಲುವನಾರಾಯಣನಿಗೆ ಸೇರಿದ್ದು. ಬೇರೊಂದು ದಿನ ಬೆಳಗ್ಗೆಯೇ ಬನ್ನಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಬಂಡೆಯೂ ಕಾಯುತ್ತದೆ.

ಮೊದಲು ಕಲ್ಯಾಣಿಗೆ ಹೋಗಿ. ಕಾಲು ತೊಳೆದುಕೊಳ್ಳಿ, ಸೋಪು, ಶಾಂಪೂ ಮಾತ್ರ ನೀರಿಗೆ ತಾಗಬಾರದು. ಹರಕೆಯೆಂದು ಹಳೆ ಬಟ್ಟೆ, ಫೋಟೊ ಬಿಡುವುದೂ ಬೇಡ. ಕೊಳದ ನೀರು ನದಿಯಂತೆ ಹರಿದುಹೋಗುವುದಿಲ್ಲ, ಹಾಕಿದ್ದೆಲ್ಲ ಅಲ್ಲೇ ಕೊಳೆಯುತ್ತದೆ.

ಆಮೇಲೆ ಬೆಟ್ಟದ ಮೇಲಿನ ಯೋಗನರಸಿಂಹನ ಗುಡಿಯ ಮೆಟ್ಟಿಲು. ಮೊಣಕಾಲು ನೋವಿನವರು ಅಲ್ಲಲ್ಲಿ ಕೂತು ಹತ್ತಲಿ. ಕೋತಿಗಳ ಕಾಟವಿದೆ, ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಎಲ್ಲಕ್ಕಿಂತ ಮುಖ್ಯವಾದ ಮಾತು ಕಲ್ಲಿನದು. ಕಂಬಕ್ಕೆ, ಶಾಸನಕ್ಕೆ, ಉಬ್ಬುಶಿಲ್ಪಕ್ಕೆ ಎಣ್ಣೆ, ಅರಿಶಿನ, ಕುಂಕುಮ ಬಳಿಯುವುದು ಭಕ್ತಿಯೆಂದು ನಮ್ಮವರು ನಂಬಿದ್ದಾರೆ. ಎಣ್ಣೆಗೆ ದೂಳು ಅಂಟುತ್ತದೆ, ಕರ್ಪೂರದ ಮಸಿ ಅದರ ಮೇಲೆ ಕೂರುತ್ತದೆ, ಕೆತ್ತನೆಯ ಗೆರೆ ಮುಚ್ಚಿಹೋಗುತ್ತದೆ. ಅದನ್ನು ತೆಗೆಯಲೆಂದು ಉಜ್ಜಿದರೆ ಕಲ್ಲೇ ಸವೆಯುತ್ತದೆ. ಅಕ್ಷರ ಓದಲು ಸೀಮೆಸುಣ್ಣ ತುಂಬುವುದೂ ಹಾನಿಯೇ. ಓರೆಯಾಗಿ ಟಾರ್ಚ್ ಹಿಡಿದರೆ ಸಾಕು, ಅಕ್ಷರ ಎದ್ದು ಕಾಣುತ್ತದೆ. ಮನೆ ಕಟ್ಟುವ ಹರಕೆಗೆ ಕಲ್ಲು ಜೋಡಿಸುವವರು ಹಳೆಯ ಗೋಡೆಯಿಂದ ಒಂದು ಕಲ್ಲನ್ನೂ ಎಳೆಯಬಾರದು.

ಇಳಿದ ಮೇಲೆ ಪುಳಿಯೋಗರೆ ತಿನ್ನಿ, ಆದರೆ ಅಷ್ಟಕ್ಕೇ ಬಸ್ಸು ಹತ್ತಬೇಡಿ. ಅಕ್ಕ-ತಂಗಿ ಕೊಳ, ಅರ್ಧಕ್ಕೆ ನಿಂತ ರಾಯಗೋಪುರ, ಕವಿ ಪು.ತಿ.ನ. ಅವರ ಮನೆ ನೋಡಿ. ರಾಯಗೋಪುರದ ಕಂಬಗಳಿಗೆ ಹೆಸರು ಕೊರೆದವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮದುವೆಯ ಫೋಟೊ ತೆಗೆಸುವವರು ಹೊಗೆ ಬಾಂಬ್, ಬಣ್ಣದ ಪುಡಿ ತರಬಾರದು.

ಸುತ್ತಲ ಕಾಡು 1974ರಿಂದ ವನ್ಯಜೀವಿಧಾಮ, ತೋಳಗಳ ನೆಲೆ. ಬೇಸಿಗೆಯ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ತಂದ ಬಾಟಲಿ, ಪ್ಲಾಸ್ಟಿಕ್ ಕವರನ್ನು ನಿಮ್ಮ ಚೀಲದಲ್ಲೇ ಊರಿಗೆ ಒಯ್ಯಿರಿ. ಯಾರಾದರೂ ಕಂಬಕ್ಕೆ ಮೊಳೆ ಹೊಡೆಯುತ್ತಿದ್ದರೆ, ಕಲ್ಲು ಕೀಳುತ್ತಿದ್ದರೆ ಜಗಳಕ್ಕಿಳಿಯದೆ ಫೋಟೊ ತೆಗೆದು ಅಂದೇ ದೇವಾಲಯದ ಕಚೇರಿಗೆ ತಿಳಿಸಿ.